ಹೃದಯದಲ್ಲಿ ತುಂಬಿಕೊಂಡ ಸಕ್ಕರೆ

1930ರ ಡಿಸೆಂಬರ್ 27ರಂದು ಆಮ್‌ಸ್ಟರ್‌ಡ್ಯಾಮಿನಲ್ಲಿ ಏಳು ತಿಂಗಳ ಹೆಣ್ಣುಕೂಸೊಂದರ ಶವಪರೀಕ್ಷೆ ನಡೆಯಿತು. ನ್ಯುಮೋನಿಯಾ ಎಂದು ಆಸ್ಪತ್ರೆಗೆ ತಂದಿದ್ದ ಮಗು ಉಳಿದಿರಲಿಲ್ಲ. ಪೆನಿಸಿಲಿನ್ ಇನ್ನೂ ಬಳಕೆಗೆ ಬಾರದಿದ್ದ ಕಾಲ ಅದು. ಚಳಿಗಾಲದಲ್ಲಿ ಎಳೆಯ ಮಕ್ಕಳು ನ್ಯುಮೋನಿಯಾಕ್ಕೆ ಬಲಿಯಾಗುವುದು ಯುರೋಪಿನ ಯಾವ ಊರಿಗೂ ಹೊಸದಾಗಿರಲಿಲ್ಲ. ದಾಖಲೆಯಲ್ಲಿ ಅಷ್ಟನ್ನೇ ಬರೆದು ಮುಗಿಸಿದ್ದರೆ ಯಾರೂ ಪ್ರಶ್ನಿಸುತ್ತಿರಲಿಲ್ಲ. ಆದರೆ ಪರೀಕ್ಷೆಗೆ ನಿಂತಿದ್ದ ವೈದ್ಯ ಯೊಹಾನೆಸ್ ಕಸಿಯಾನಸ್ ಪಾಂಪೆ ಅಷ್ಟಕ್ಕೆ ಕೈತೊಳೆದುಕೊಳ್ಳಲಿಲ್ಲ. 29 ವರ್ಷದ ಆ ರೋಗಶಾಸ್ತ್ರಜ್ಞನಿಗೆ ಕಂಡದ್ದು ಕೂಸಿನ ವಯಸ್ಸಿಗೆ ಸ್ವಲ್ಪವೂ ಹೊಂದದಷ್ಟು ದೊಡ್ಡ ಹೃದಯ.

ಕಾರಣ ತಿಳಿಯದೆ ಮಕ್ಕಳ ಹೃದಯ ಹೀಗೆ ದಪ್ಪವಾಗುವುದನ್ನು ವೈದ್ಯರು ಮೊದಲೂ ಕಂಡಿದ್ದರು. ಪಾಂಪೆ ಆ ಹೃದಯದ ಸ್ನಾಯುವನ್ನು ತೆಳುವಾಗಿ ಸೀಳಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟರು. ಆರೋಗ್ಯವಂತ ಹೃದಯದಲ್ಲಿ ಸ್ನಾಯುವಿನ ಎಳೆಗಳು ಒತ್ತೊತ್ತಾಗಿ, ಒಂದಕ್ಕೊಂದು ಹೆಣೆದುಕೊಂಡು ತುಂಬಿರುತ್ತವೆ. ಇಲ್ಲಿ ಹಾಗಿರಲಿಲ್ಲ. ಪ್ರತಿಯೊಂದು ಎಳೆಯ ನಡುವೆ ಬರಿದಾದ ಪೊಳ್ಳು. ಸಂಕುಚಿಸಿ ಹಿಗ್ಗಬೇಕಾದ ಸ್ನಾಯುಭಾಗವೆಲ್ಲ ಅಂಚಿಗೆ ತಳ್ಳಲ್ಪಟ್ಟು, ಇಡೀ ಅಂಗಾಂಶ ಬಲೆಯಂತೆ ಕಾಣುತ್ತಿತ್ತು. ಆ ಪೊಳ್ಳುಗಳು ನಿಜವಾಗಿ ಬರಿದಾಗಿದ್ದವೇ? ಅಥವಾ ಅಲ್ಲಿದ್ದ ಏನೋ ಒಂದು, ಸೀಳುವ ಮುನ್ನ ಕರಗಿಹೋಗಿತ್ತೇ?

ಉತ್ತರ ಗ್ಲೈಕೋಜೆನ್. ನಾವು ಉಂಡ ಅನ್ನ, ಮುದ್ದೆ, ರೊಟ್ಟಿ ಎಲ್ಲವೂ ಕೊನೆಗೆ ಗ್ಲೂಕೋಸ್ ಎಂಬ ಸಕ್ಕರೆಯಾಗುತ್ತವೆ. ತಕ್ಷಣಕ್ಕೆ ಬೇಡದ ಗ್ಲೂಕೋಸನ್ನು ದೇಹ ಒಂದಕ್ಕೊಂದು ಪೋಣಿಸಿ, ಕವಲು ಕವಲಾಗಿ ಬೆಳೆಸಿ ಯಕೃತ್ತಿನಲ್ಲೂ ಸ್ನಾಯುಗಳಲ್ಲೂ ಕೂಡಿಡುತ್ತದೆ. ಸಾವಿರಾರು ಗ್ಲೂಕೋಸ್ ಕಣಗಳು ಸೇರಿದ ಈ ದೊಡ್ಡ ಅಣುವನ್ನು ಫ್ರಾನ್ಸಿನ ಕ್ಲೋದ್ ಬರ್ನಾರ್ 1857ರಲ್ಲೇ ಯಕೃತ್ತಿನಿಂದ ಬೇರ್ಪಡಿಸಿದ್ದರು. ಇದು ನೀರಿನಲ್ಲಿ ಕರಗಿ ಹೋಗುವುದರಿಂದ ಅಂಗಾಂಶವನ್ನು ಆಲ್ಕೋಹಾಲಿನಲ್ಲಿ ಕಾಪಿಟ್ಟು, ಬೆಸ್ಟ್ ಕಾರ್ಮೈನ್ ಎಂಬ ಬಣ್ಣ ಹಾಕಿ ನೋಡುವುದು ಆ ಕಾಲದ ರೋಗಶಾಸ್ತ್ರಜ್ಞರ ರೂಢಿ. ಗ್ಲೈಕೋಜೆನ್ ಇದ್ದಲ್ಲಿ ಕೆಂಪು ಮೂಡುತ್ತದೆ. 1929ರಲ್ಲಷ್ಟೇ ಜರ್ಮನಿಯ ಎಡ್ಗರ್ ಫಾನ್ ಗಿಯರ್ಕೆ ಮಕ್ಕಳ ಯಕೃತ್ತು, ಮೂತ್ರಪಿಂಡಗಳಲ್ಲಿ ಗ್ಲೈಕೋಜೆನ್ ವಿಪರೀತ ತುಂಬಿಕೊಳ್ಳುವ ಕಾಯಿಲೆಯೊಂದನ್ನು ವಿವರಿಸಿದ್ದರು. ಪಾಂಪೆ ನೋಡಿದ ಕೂಸಿನಲ್ಲಿ ಅದು ಹೃದಯದಲ್ಲಿತ್ತು. ಹೃದಯದಲ್ಲಷ್ಟೇ ಅಲ್ಲ, ಇತರ ಅಂಗಾಂಶಗಳಲ್ಲೂ ಇತ್ತು.

1932ರಲ್ಲಿ ಪಾಂಪೆ ತಮ್ಮ ವರದಿಯನ್ನು ಡಚ್ ಭಾಷೆಯಲ್ಲಿ ಪ್ರಕಟಿಸಿದರು. ಅದೇ ವರ್ಷ ಬಿಶಾಫ್ ಮತ್ತು ಪುಟ್ಷಾರ್ ಎಂಬ ಇನ್ನಿಬ್ಬರು ಇಂಥದ್ದೇ ಮಕ್ಕಳ ಬಗ್ಗೆ ಬರೆದರು. 1936ರಲ್ಲಿ ಪಾಂಪೆ ಇದೇ ವಿಷಯದ ಮೇಲೆ ಡಾಕ್ಟರೇಟ್ ಪ್ರಬಂಧ ಮುಗಿಸಿದರು. ಕಾಯಿಲೆಗೆ ಅವರ ಹೆಸರು ನಿಂತಿತು. ಮದ್ದು ಮಾತ್ರ ಇರಲಿಲ್ಲ. ಏಕೆ ಹೀಗಾಗುತ್ತದೆ ಎಂಬುದೂ ತಿಳಿದಿರಲಿಲ್ಲ.

ಪ್ರಯೋಗಾಲಯದಲ್ಲಿ ಅಡಗಿದ್ದ ರೇಡಿಯೋ

1940ರ ಮೇ ತಿಂಗಳಲ್ಲಿ ಹಿಟ್ಲರನ ಸೇನೆ ನೆದರ್‌ಲ್ಯಾಂಡ್ಸನ್ನು ಆಕ್ರಮಿಸಿತು. ಪಾಂಪೆ ಆಗ ಆಮ್‌ಸ್ಟರ್‌ಡ್ಯಾಮಿನ ಕ್ಯಾಥೊಲಿಕ್ ಆಸ್ಪತ್ರೆಯೊಂದರ ರೋಗಶಾಸ್ತ್ರಜ್ಞ. ಅವರು ಗುಟ್ಟಾಗಿ ಪ್ರತಿರೋಧ ಚಳವಳಿಗೆ ಸೇರಿದರು. ಮಿತ್ರರಾಷ್ಟ್ರಗಳಿಗೆ ಸಂದೇಶ ಕಳಿಸುವ ರೇಡಿಯೋ ಟ್ರಾನ್ಸ್‌ಮಿಟರ್ ಒಂದಕ್ಕೆ ಅವರ ಪ್ರಯೋಗಾಲಯವೇ ಅಡಗುತಾಣವಾಯಿತು. ಪಶ್ಚಿಮ ನೆದರ್‌ಲ್ಯಾಂಡ್ಸ್ ಹಸಿವಿನಿಂದ ಕಂಗೆಟ್ಟಿದ್ದ 1945ರ ಚಳಿಗಾಲದಲ್ಲಿ, ಫೆಬ್ರವರಿ ಕೊನೆಗೆ, ಜರ್ಮನ್ನರು ಪ್ರಯೋಗಾಲಯದ ಮೇಲೆ ದಾಳಿ ಮಾಡಿದರು. ಟ್ರಾನ್ಸ್‌ಮಿಟರ್ ಸಿಕ್ಕಿತು, ಪಾಂಪೆ ಸೆರೆಯಾದರು.

ಏಪ್ರಿಲ್‌ನಲ್ಲಿ ಪ್ರತಿರೋಧದವರು ರೈಲು ಸೇತುವೆಯೊಂದನ್ನು ಸ್ಫೋಟಿಸಿದರು. ಅದಕ್ಕೆ ಪ್ರತೀಕಾರವಾಗಿ ಏಪ್ರಿಲ್ 15ರಂದು ಸಿಂಟ್ ಪಾಂಕ್ರಸ್ ಎಂಬ ಊರಿನಲ್ಲಿ 20 ಮಂದಿ ಕೈದಿಗಳನ್ನು ಸಾಲಾಗಿ ನಿಲ್ಲಿಸಿ ಗುಂಡಿಕ್ಕಲಾಯಿತು. ಅವರಲ್ಲಿ ಪಾಂಪೆಯೂ ಒಬ್ಬರು. ಆಗ ಅವರಿಗೆ 43 ವರ್ಷ. ಮೂರು ವಾರಗಳೊಳಗೆ, ಮೇ 5ರಂದು, ದೇಶ ಬಿಡುಗಡೆಯಾಯಿತು. ತಾವು ಕಂಡುಹಿಡಿದ ಕಾಯಿಲೆಯ ಒಂದು ಮಗುವಾದರೂ ಬದುಕುಳಿದದ್ದನ್ನು ನೋಡುವ ಭಾಗ್ಯ ಪಾಂಪೆಗೆ ಬರಲಿಲ್ಲ. ಅವರ ಪ್ರಶ್ನೆ ಬೇರೆಯವರ ಕೈಗೆ ಹೋಯಿತು.

ತಂಪಿನಲ್ಲಿ ಐದು ದಿನ

ಯುದ್ಧ ಮುಗಿದ ಮೇಲೆ ಗ್ಲೈಕೋಜೆನ್ ಅಧ್ಯಯನದ ಕೇಂದ್ರ ಅಮೆರಿಕದ ಸೇಂಟ್ ಲೂಯಿಸ್ ನಗರವಾಗಿತ್ತು. ಅಲ್ಲಿ ಕಾರ್ಲ್ ಕೋರಿ, ಗರ್ಟಿ ಕೋರಿ ದಂಪತಿ ದೇಹ ಗ್ಲೈಕೋಜೆನ್ನನ್ನು ಹೇಗೆ ಕಟ್ಟುತ್ತದೆ, ಹೇಗೆ ಒಡೆಯುತ್ತದೆ ಎಂಬುದನ್ನು ಬಿಡಿಸಿ 1947ರ ನೊಬೆಲ್ ಪ್ರಶಸ್ತಿ ಪಡೆದಿದ್ದರು. ಫಾನ್ ಗಿಯರ್ಕೆ ವಿವರಿಸಿದ ಕಾಯಿಲೆಯ ಮಕ್ಕಳ ಯಕೃತ್ತಿನಲ್ಲಿ ಒಂದು ಕಿಣ್ವವೇ ಇಲ್ಲವೆಂದು 1952ರಲ್ಲಿ ತೋರಿಸಿದವರೂ ಇವರೇ. ಗರ್ಟಿ ಕೋರಿ ಗ್ಲೈಕೋಜೆನ್ ಕಾಯಿಲೆಗಳನ್ನು ಬಗೆಬಗೆಯಾಗಿ ವಿಂಗಡಿಸಿದಾಗ ಪಾಂಪೆ ಕಾಯಿಲೆಗೆ ಎರಡನೆಯ ಸ್ಥಾನ ಸಿಕ್ಕಿತು. ಅದೊಂದು ಮಾತ್ರ ಬಗೆಹರಿಯಲಿಲ್ಲ. ಈ ಮಕ್ಕಳ ಗ್ಲೈಕೋಜೆನ್ನಿನ ರಚನೆಯಲ್ಲಿ ದೋಷವಿರಲಿಲ್ಲ. ಅದನ್ನು ಒಡೆಯುವ, ಅಂದಿಗೆ ಗೊತ್ತಿದ್ದ ಕಿಣ್ವಗಳೆಲ್ಲ ಇದ್ದವು. ರಕ್ತದ ಸಕ್ಕರೆಯೂ ಸರಿಯಾಗಿತ್ತು. ಎಲ್ಲ ಸರಿಯಿದ್ದೂ ಹೃದಯ ಉಬ್ಬುತ್ತಿತ್ತು, ಮಗು ಸಾಯುತ್ತಿತ್ತು.

ಉತ್ತರ ಬಂದದ್ದು ಬೇರೇನನ್ನೋ ಹುಡುಕುತ್ತಿದ್ದವರಿಂದ. ಕೋರಿ ದಂಪತಿಯ ಬಳಿ ಕೆಲಕಾಲ ಕೆಲಸ ಕಲಿತ ಕ್ರಿಸ್ಟಿಯನ್ ಡ ದೂವ್ ಬೆಲ್ಜಿಯಮ್ಮಿನ ಲೂವೆನ್‌ಗೆ ಮರಳಿ, ಇನ್ಸುಲಿನ್ ಯಕೃತ್ತಿನ ಮೇಲೆ ಹೇಗೆ ಕೆಲಸ ಮಾಡುತ್ತದೆಂದು ಪರಿಶೀಲಿಸುತ್ತಿದ್ದರು. ಹೋಲಿಕೆಗೆಂದು ಆಸಿಡ್ ಫಾಸ್ಫಟೇಸ್ ಎಂಬ ಕಿಣ್ವವನ್ನೂ ಅಳೆಯುತ್ತಿದ್ದರು. 1949ರ ಕೊನೆಯಲ್ಲಿ ಒಂದು ವಿಚಿತ್ರ ನಡೆಯಿತು. ಇಲಿಯ ಯಕೃತ್ತನ್ನು ಮೆಲ್ಲಗೆ ಅರೆದು ತಯಾರಿಸಿದ ದ್ರಾವಣದಲ್ಲಿ ಆ ಕಿಣ್ವದ ಚಟುವಟಿಕೆ ನಿರೀಕ್ಷೆಯ ಹತ್ತರಲ್ಲಿ ಒಂದು ಪಾಲಿನಷ್ಟು ಮಾತ್ರ ಕಂಡಿತು. ಅಳತೆ ತಪ್ಪಿತೆಂದು ಚೆಲ್ಲಬಹುದಿತ್ತು. ಡ ದೂವ್ ತಂಡ ಅದನ್ನು ಫ್ರಿಜ್ಜಿನಲ್ಲಿಟ್ಟಿತು. ಐದು ದಿನ ಬಿಟ್ಟು ಅದೇ ದ್ರಾವಣವನ್ನು ಮತ್ತೆ ಅಳೆದಾಗ ಕಿಣ್ವ ಪೂರ್ಣ ಪ್ರಮಾಣದಲ್ಲಿ ಸಿಕ್ಕಿತು.

ಕಿಣ್ವ ಐದು ದಿನದಲ್ಲಿ ಹೊಸದಾಗಿ ಹುಟ್ಟಿದ್ದಲ್ಲ. ಅದು ಪೊರೆಯೊಂದರ ಒಳಗೆ ಮುಚ್ಚಿಟ್ಟಂತಿತ್ತು. ಪೊರೆ ಹಳಸಿ ಹರಿದಾಗ ಹೊರಬಂತು. ಇನ್ನಷ್ಟು ಹುಡುಕಿದಾಗ ಅಂಥದ್ದೇ ಪೊರೆಯೊಳಗೆ, ಆಮ್ಲೀಯ ವಾತಾವರಣದಲ್ಲಿ ದೊಡ್ಡ ಅಣುಗಳನ್ನು ಒಡೆಯುವ ಇತರ ಕಿಣ್ವಗಳೂ ಸಿಕ್ಕವು. 1955ರಲ್ಲಿ ಡ ದೂವ್ ಈ ಪುಟ್ಟ ಚೀಲಗಳಿಗೆ ಲೈಸೋಸೋಮ್ ಎಂದು ಹೆಸರಿಟ್ಟರು. ಹಳೆಯದಾದ, ಸವೆದುಹೋದ ಭಾಗಗಳನ್ನು ಜೀವಕೋಶ ಇಲ್ಲಿಗೆ ತಂದು ಒಡೆದು, ಬಿಡಿಭಾಗಗಳನ್ನು ಮರಳಿ ಬಳಸಿಕೊಳ್ಳುತ್ತದೆ. ಇದಕ್ಕೇ 1974ರಲ್ಲಿ ಡ ದೂವ್ ಅವರಿಗೆ ನೊಬೆಲ್ ಬಂತು.

ಅದೇ ಲೂವೆನ್‌ನಲ್ಲಿ ಹೆನ್ರಿ ಗೇರಿ ಹೆರ್ಸ್ ಎಂಬ ಸಂಶೋಧಕ ಗ್ಲೈಕೋಜೆನ್ ಕಾಯಿಲೆಗಳ ಬೆನ್ನು ಹತ್ತಿದ್ದರು. ಆಮ್ಲೀಯ ಸ್ಥಿತಿಯಲ್ಲಿ ಗ್ಲೈಕೋಜೆನ್ನನ್ನು ನೇರವಾಗಿ ಗ್ಲೂಕೋಸಿಗೆ ಒಡೆಯುವ ಕಿಣ್ವವೊಂದು ಸಾಮಾನ್ಯ ಯಕೃತ್ತಿನಲ್ಲೂ ಹೃದಯದಲ್ಲೂ ಸ್ನಾಯುವಿನಲ್ಲೂ ಇರುವುದನ್ನು ಅವರು ಕಂಡರು. ಪಾಂಪೆ ಕಾಯಿಲೆಯಿಂದ ತೀರಿಕೊಂಡ ಮಕ್ಕಳ ಅಂಗಾಂಶಗಳಲ್ಲಿ ಅದಿರಲಿಲ್ಲ. 1963ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಆಲ್ಫಾ ಗ್ಲೂಕೋಸಿಡೇಸ್ ಎಂಬ ಆ ಕಿಣ್ವದ ಮನೆ ಲೈಸೋಸೋಮ್.

ಗರ್ಟಿ ಕೋರಿಗೆ ಬಿಡಿಸಲಾಗದ ಒಗಟು ಹೀಗೆ ಬಗೆಹರಿಯಿತು. ಜೀವಕೋಶದ ದ್ರವದಲ್ಲಿರುವ ಗ್ಲೈಕೋಜೆನ್ನನ್ನು ಒಡೆಯುವ ವ್ಯವಸ್ಥೆ ಈ ಮಕ್ಕಳಲ್ಲಿ ಸರಿಯಾಗಿಯೇ ಇದೆ. ಆದ್ದರಿಂದ ರಕ್ತಕ್ಕೆ ಸಕ್ಕರೆ ತಪ್ಪದೆ ಸಿಗುತ್ತದೆ. ಆದರೆ ಆ ಗ್ಲೈಕೋಜೆನ್ನಿನ ಚಿಕ್ಕದೊಂದು ಪಾಲು ಸದಾ ಲೈಸೋಸೋಮಿನ ಒಳಗೆ ಸೇರುತ್ತಿರುತ್ತದೆ. ಒಳಹೋದದ್ದು ಒಡೆಯದೆ ಹೊರಬರಲಾರದು. ಮೇಲಿನಿಂದ ಭತ್ತ ಸುರಿಯುತ್ತಲೇ ಇದ್ದು, ಕೆಳಗಿನ ಕಿಂಡಿ ಮಾತ್ರ ಮುಚ್ಚಿಹೋದ ಕಣಜದ ಹಾಗೆ ಲೈಸೋಸೋಮ್ ಉಬ್ಬುತ್ತದೆ, ಕೊನೆಗೆ ಬಿರಿಯುತ್ತದೆ. ಮರುವರ್ಷ ಹೆರ್ಸ್ ಮತ್ತು ಸಂಗಡಿಗರು ರೋಗಿಯ ಯಕೃತ್ತಿನ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳಲ್ಲಿ, ಪೊರೆಯೊಳಗೆ ಕಿಕ್ಕಿರಿದ ಗ್ಲೈಕೋಜೆನ್ನನ್ನು ತೋರಿಸಿದರು.

ಹೆರ್ಸ್ ಅಲ್ಲಿಗೆ ನಿಲ್ಲಲಿಲ್ಲ. ಲೈಸೋಸೋಮಿನಲ್ಲಿ ಹತ್ತಾರು ಕಿಣ್ವಗಳಿದ್ದರೆ, ಪ್ರತಿಯೊಂದರ ಕೊರತೆಗೂ ಒಂದೊಂದು ಕಾಯಿಲೆ ಇರಬೇಕೆಂದು 1965ರಲ್ಲಿ ವಾದಿಸಿದರು. ಅದು ನಿಜವಾಯಿತು. ಇಂಥ ವಂಶಪಾರಂಪರ್ಯ ಕಾಯಿಲೆಗಳು ಇಂದು 50ಕ್ಕೂ ಹೆಚ್ಚು ಗೊತ್ತಿವೆ. ಒಂದರಲ್ಲಿ ಕೊಬ್ಬಿನಂಥ ವಸ್ತು ತುಂಬುತ್ತದೆ, ಇನ್ನೊಂದರಲ್ಲಿ ಉದ್ದುದ್ದನೆಯ ಸಕ್ಕರೆ ಸರಪಳಿ ತುಂಬುತ್ತದೆ. ಒಂದರಲ್ಲಿ ಮಿದುಳು, ಒಂದರಲ್ಲಿ ಮೂಳೆ, ಒಂದರಲ್ಲಿ ಹೃದಯ ಸೋಲುತ್ತದೆ. ಇವೆಲ್ಲಕ್ಕೂ ಮೊದಲ ಬಾಗಿಲು ತೆರೆದದ್ದು ಪಾಂಪೆ ಕಾಯಿಲೆ.

ಇಲ್ಲದ ಕಿಣ್ವವನ್ನು ಹೊರಗಿನಿಂದ ಕೊಡಬಹುದೇ?

ಕಾರಣ ಗೊತ್ತಾದೊಡನೆ ಮದ್ದಿನ ಪ್ರಶ್ನೆ ಎದ್ದಿತು. ಜೀವಕೋಶ ಹೊರಗಿನ ವಸ್ತುಗಳನ್ನು ನುಂಗಿ ಲೈಸೋಸೋಮಿಗೆ ತಲುಪಿಸುತ್ತದೆ. ಹಾಗಾದರೆ ರಕ್ತಕ್ಕೆ ಕಿಣ್ವ ಕೊಟ್ಟರೆ ಅದು ಬೇಕಾದ ಜಾಗಕ್ಕೇ ಹೋಗಬೇಕು. 1960ರ ದಶಕದಲ್ಲೇ ಆಸ್ಪರ್‌ಜಿಲಸ್ ನೈಗರ್ ಎಂಬ ಶಿಲೀಂಧ್ರದಿಂದ ತೆಗೆದ ಕಿಣ್ವವನ್ನು ಪಾಂಪೆ ಕಾಯಿಲೆಯ ಮಕ್ಕಳಿಗೆ ಕೊಟ್ಟು ನೋಡಿದರು. ಮುಂದಿನ ದಶಕದಲ್ಲಿ ಮಾನವ ಮಾಸು, ಅಂದರೆ ಹೆರಿಗೆಯ ನಂತರ ಹೊರಬೀಳುವ ಅಂಗಾಂಶದಿಂದ ಕಿಣ್ವ ತೆಗೆದರು. ಮಕ್ಕಳು ಉಳಿಯಲಿಲ್ಲ. ಕಿಣ್ವ ಸ್ನಾಯುವನ್ನು ಸಾಕಷ್ಟು ಮುಟ್ಟಲೇ ಇಲ್ಲ.

ಏಕೆ ಎಂಬುದಕ್ಕೆ ಸುಳಿವು ಸಿಕ್ಕಿದ್ದು ಹರ್ಲರ್, ಹಂಟರ್ ಎಂಬ ಇನ್ನೆರಡು ಸಕ್ಕರೆ ಕಾಯಿಲೆಗಳಿಂದ. ಮಧುಮೇಹಕ್ಕೂ ಇವಕ್ಕೂ ಸಂಬಂಧವಿಲ್ಲ. ಇಲ್ಲಿ ಕೂಡಿಕೊಳ್ಳುವುದು ಗ್ಲೂಕೋಸಲ್ಲ, ಮೂಳೆಕೀಲು ಮತ್ತು ಚರ್ಮಕ್ಕೆ ಬಿಗಿ ಕೊಡುವ ಉದ್ದನೆಯ ಸಕ್ಕರೆ ಸರಪಳಿಗಳು. ಕೆನಡಾದ ವಿನ್ನಿಪೆಗ್‌ನಲ್ಲಿ ಚಾರ್ಲ್ಸ್ ಹಂಟರ್ 1917ರಲ್ಲಿ ಇಬ್ಬರು ಅಣ್ಣತಮ್ಮಂದಿರಲ್ಲಿ, ಮ್ಯೂನಿಕ್‌ನಲ್ಲಿ ಗರ್ಟ್ರೂಡ್ ಹರ್ಲರ್ 1919ರಲ್ಲಿ ಇವನ್ನು ವಿವರಿಸಿದ್ದರು. 1968ರಲ್ಲಿ ಅಮೆರಿಕದ ಬೆಥೆಸ್ಡಾದಲ್ಲಿ ಎಲಿಜಬೆತ್ ನ್ಯೂಫೆಲ್ಡ್ ತಮ್ಮ ಸಂಗಡಿಗರೊಂದಿಗೆ ಈ ಎರಡೂ ಕಾಯಿಲೆಯ ರೋಗಿಗಳ ಚರ್ಮದ ಜೀವಕೋಶಗಳನ್ನು ಒಂದೇ ತಟ್ಟೆಯಲ್ಲಿ ಬೆರೆಸಿ ಬೆಳೆಸಿದರು. ಬೇರೆ ಬೇರೆಯಾಗಿ ಬೆಳೆದಾಗ ಸಕ್ಕರೆಯಿಂದ ತುಂಬಿ ಉಬ್ಬುತ್ತಿದ್ದ ಕೋಶಗಳು ಜೊತೆಗೂಡಿದಾಗ ಸರಿಹೋದವು. ಒಂದರಲ್ಲಿಲ್ಲದ ಕಿಣ್ವವನ್ನು ಇನ್ನೊಂದು ಹೊರಗೆ ಬಿಡುತ್ತಿತ್ತು, ಇದು ಅದನ್ನು ಒಳಗೆ ತೆಗೆದುಕೊಳ್ಳುತ್ತಿತ್ತು. ಈ ಒಂದು ಪ್ರಯೋಗ ಚಿಕಿತ್ಸೆಯ ಕನಸಿಗೆ ನೆಲ ಒದಗಿಸಿತು.

ಮುಂದಿನ ಹತ್ತು ವರ್ಷಗಳಲ್ಲಿ ಉಳಿದ ತುಣುಕೂ ಸಿಕ್ಕಿತು. ಜೀವಕೋಶ ಸಿಕ್ಕಸಿಕ್ಕ ಕಿಣ್ವವನ್ನೆಲ್ಲ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಕಿಣ್ವದ ಮೇಲೆ ಮ್ಯಾನೋಸ್ 6 ಫಾಸ್ಫೇಟ್ ಎಂಬ ಗುರುತು ಇರಬೇಕು. ಆ ಗುರುತೂ ಒಂದು ಸಕ್ಕರೆಯೇ. ಶಿಲೀಂಧ್ರದ ಕಿಣ್ವಕ್ಕೆ ಆ ಗುರುತಿಲ್ಲ. ಸೋಲಿನ ಕಾರಣ ತಿಳಿದ ಮೇಲೆ ದಾರಿ ಸ್ಪಷ್ಟವಾಯಿತು: ಗುರುತು ಹೊತ್ತ ಮಾನವ ಕಿಣ್ವ ಬೇಕು, ಅದೂ ಹೇರಳವಾಗಿ ಬೇಕು.

ಪಾಂಪೆಯವರ ನಾಡಿನಲ್ಲೇ ಆ ಕೆಲಸ ಕೈಗೂಡಿತು. ರೋಟರ್‌ಡ್ಯಾಮಿನಲ್ಲಿ ಅರ್ನಾಲ್ಡ್ ರೂಸರ್ ಮತ್ತು ಆನ್ಸ್ ಫಾನ್ ಡರ್ ಪ್ಲೂಗ್ ವರ್ಷಗಟ್ಟಲೆ ಈ ಒಂದೇ ಕಿಣ್ವದ ಹಿಂದೆ ಬಿದ್ದಿದ್ದರು. ಮಾನವನ ಆಲ್ಫಾ ಗ್ಲೂಕೋಸಿಡೇಸ್ ವಂಶವಾಹಿಯನ್ನು ಮೊಲಗಳಿಗೆ ಸೇರಿಸಿ, ಅವುಗಳ ಹಾಲಿನಲ್ಲಿ ಕಿಣ್ವ ಬರುವಂತೆ ಮಾಡಲಾಯಿತು. 1999ರಲ್ಲಿ ರೋಟರ್‌ಡ್ಯಾಮಿನ ಮಕ್ಕಳ ಆಸ್ಪತ್ರೆಯಲ್ಲಿ ನಾಲ್ಕು ಕೂಸುಗಳಿಗೆ ಮೊಲದ ಹಾಲಿನಿಂದ ಶುದ್ಧೀಕರಿಸಿದ ಆ ಕಿಣ್ವವನ್ನು ರಕ್ತನಾಳದ ಮೂಲಕ ಕೊಟ್ಟರು. ಉಬ್ಬಿದ ಹೃದಯ ಕುಗ್ಗತೊಡಗಿತು. ಸ್ನಾಯುಗಳಿಗೂ ಬಲ ಬಂತು. ಮರುವರ್ಷ ಇದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು.

ಅತ್ತ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಯುವಾನ್ ತ್ಸಾಂಗ್ ಚೆನ್ ಅದೇ ಕಿಣ್ವವನ್ನು ಹ್ಯಾಮ್ಸ್‌ಟರ್ ಎಂಬ ಪುಟ್ಟ ಪ್ರಾಣಿಯ ಅಂಡಾಶಯದ ಜೀವಕೋಶಗಳಲ್ಲಿ ತಯಾರಿಸಿದ್ದರು. ಇದೇ ಕಾಯಿಲೆ ಸಹಜವಾಗಿಯೇ ಇರುವ ಜಪಾನಿ ಲಾವುಗೆ ಹಕ್ಕಿಗಳಿವೆ. ಅವಕ್ಕೆ ರೆಕ್ಕೆ ಎತ್ತಲಾಗುವುದಿಲ್ಲ. ಕಿಣ್ವ ಕೊಟ್ಟ ಮೇಲೆ ಆ ಹಕ್ಕಿಗಳು ರೆಕ್ಕೆ ಬಡಿದವು. ಮಕ್ಕಳ ಮೇಲಿನ ಪ್ರಯೋಗದಲ್ಲಿ ಆರು ತಿಂಗಳೊಳಗಿನ 18 ಕೂಸುಗಳಿಗೆ ಚಿಕಿತ್ಸೆ ಶುರುವಾಯಿತು. ಚಿಕಿತ್ಸೆಯಿಲ್ಲದೆ ಇಂಥ ಮಕ್ಕಳಲ್ಲಿ ಬಹುತೇಕರು ಮೊದಲ ಹುಟ್ಟುಹಬ್ಬವನ್ನೇ ಕಾಣುವುದಿಲ್ಲ. ಆ 18 ಮಕ್ಕಳೂ ಒಂದೂವರೆ ವರ್ಷ ತುಂಬಿದಾಗ ಬದುಕಿದ್ದರು. 2006ರಲ್ಲಿ ಯುರೋಪ್ ಮತ್ತು ಅಮೆರಿಕ ಈ ಕಿಣ್ವವನ್ನು ಔಷಧವಾಗಿ ಒಪ್ಪಿದವು. ಪಾಂಪೆ ಆ ಹೃದಯವನ್ನು ಕೈಗೆತ್ತಿಕೊಂಡ ದಿನದಿಂದ ಆಗ 75 ವರ್ಷ ಕಳೆದಿತ್ತು.

ಇದು ಪೂರ್ತಿ ಗೆಲುವಲ್ಲ. ಕಿಣ್ವವನ್ನು ಎರಡು ವಾರಕ್ಕೊಮ್ಮೆ, ಬದುಕಿರುವಷ್ಟು ಕಾಲ ಕೊಡಬೇಕು. ಕೆಲವು ಮಕ್ಕಳ ದೇಹ ಅದನ್ನು ಪರಕೀಯವೆಂದು ತಿಳಿದು ಎದುರಿಸುತ್ತದೆ. ಅದು ರಕ್ತದಿಂದ ಮಿದುಳಿಗೆ ದಾಟುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಸ್ನಾಯು ಹಾಳಾದ ಮೇಲೆ ಕೊಟ್ಟರೆ ಹಾಳಾದದ್ದು ಮರಳಿ ಬರುವುದಿಲ್ಲ. ತೈವಾನ್ 2005ರಲ್ಲೇ ನವಜಾತ ಶಿಶುಗಳ ಹಿಮ್ಮಡಿಯ ರಕ್ತದ ಹನಿಯಿಂದ ಈ ಕಾಯಿಲೆ ಪತ್ತೆಹಚ್ಚಲು ಶುರುಮಾಡಿತು. ಬೇಗ ಚಿಕಿತ್ಸೆ ಸಿಕ್ಕ ಮಕ್ಕಳು ಎದ್ದು ನಡೆದರು. 2022ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕೆನಡಾದ ಒಟ್ಟಾವಾದಲ್ಲಿ ಗರ್ಭದೊಳಗಿನ ಶಿಶುವಿಗೇ ಹೊಕ್ಕುಳಬಳ್ಳಿಯ ರಕ್ತನಾಳದ ಮೂಲಕ ಕಿಣ್ವ ಕೊಟ್ಟದ್ದು ವರದಿಯಾಯಿತು. ಹುಟ್ಟಿದ ಮಗುವಿನ ಹೃದಯದ ಗಾತ್ರ ಸಹಜವಾಗಿತ್ತು.

ನಮ್ಮ ಮನೆಯಂಗಳದ ಮಾತು

ಈ ಕಾಯಿಲೆ ದೂರದ ದೇಶಗಳದ್ದಷ್ಟೇ ಅಲ್ಲ. ತಾಯಿ, ತಂದೆ ಇಬ್ಬರೂ ದೋಷವಿರುವ ವಂಶವಾಹಿಯ ಒಂದೊಂದು ಪ್ರತಿ ಹೊತ್ತಿದ್ದರೆ, ಅವರಿಗೆ ಏನೂ ಆಗಿರುವುದಿಲ್ಲ; ಆದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ಇರುತ್ತದೆ. ಸೋದರಮಾವ, ಅಕ್ಕನ ಮಗಳು ಎಂದು ಮದುವೆಯಾಗುವ ರೂಢಿ ಇನ್ನೂ ಉಳಿದಿರುವ ನಮ್ಮಲ್ಲಿ ಇಬ್ಬರಲ್ಲೂ ಒಂದೇ ದೋಷ ಇರುವ ಸಂಭವ ಹೆಚ್ಚು. ಇದರಲ್ಲಿ ಹೆತ್ತವರ ತಪ್ಪೇನೂ ಇಲ್ಲ, ಯಾವ ಶಾಪವೂ ಇಲ್ಲ. ಹಾಗೆಂದು ಮನೆಯ ಹಿರಿಯರಿಗೆ ತಿಳಿಹೇಳುವ ವೈದ್ಯರು ಮಾತ್ರ ಬೇಕು. ಕೂಸು ಕತ್ತು ನಿಲ್ಲಿಸದೆ, ಕೈಕಾಲು ಸೋತು, ಹಾಲು ಕುಡಿಯಲು ಏದುಸಿರು ಬಿಡುತ್ತಿದ್ದರೆ, ಎಕ್ಸ್‌ರೇಯಲ್ಲಿ ಹೃದಯ ದೊಡ್ಡದಾಗಿ ಕಂಡರೆ, ಒಣಗಿಸಿದ ರಕ್ತದ ಹನಿಯಿಂದಲೇ ಕಿಣ್ವ ಪರೀಕ್ಷೆ ಮಾಡಬಹುದು. ದೊಡ್ಡವರಲ್ಲೂ ಈ ಕಾಯಿಲೆಯ ನಿಧಾನಗತಿಯ ರೂಪವಿದೆ: ಮೆಟ್ಟಿಲು ಹತ್ತಲಾಗದು, ಅಂಗಾತ ಮಲಗಿದರೆ ಉಸಿರು ಕಟ್ಟುತ್ತದೆ.

ಭಾರತ ಸರ್ಕಾರ 2021ರಲ್ಲಿ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿ ತಂದಿತು. ಪಾಂಪೆ ಕಾಯಿಲೆ ಅದರ ಪಟ್ಟಿಯಲ್ಲಿದೆ. ಬೆಂಗಳೂರಿನ ಮಾನವ ತಳಿಶಾಸ್ತ್ರ ಕೇಂದ್ರ ಮತ್ತು ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಅದರ ಉತ್ಕೃಷ್ಟತಾ ಕೇಂದ್ರಗಳ ಸಾಲಿನಲ್ಲಿವೆ. 2022ರಲ್ಲಿ ಪ್ರತಿ ರೋಗಿಗೆ ನೆರವಿನ ಮಿತಿ 50 ಲಕ್ಷ ರೂಪಾಯಿಗೆ ಏರಿತು. ಆದರೆ ಕಿಣ್ವದ ಪ್ರಮಾಣ ದೇಹತೂಕಕ್ಕೆ ತಕ್ಕಂತೆ ಏರುತ್ತದೆ, ಚಿಕಿತ್ಸೆಗೆ ಕೊನೆಯಿಲ್ಲ. ಮಗು ಬೆಳೆದಷ್ಟೂ ಖರ್ಚು ಬೆಳೆಯುತ್ತದೆ, ಮಿತಿ ಬೆಳೆಯುವುದಿಲ್ಲ. ಚಿಕಿತ್ಸೆ ಫಲಿಸಿ ಮಗು ತೂಕ ಹಾಕಿಕೊಂಡಿತೆಂಬ ಸಂತೋಷವೇ ತಾಯಿತಂದೆಗೆ ಚಿಂತೆಯಾಗುವ ಸ್ಥಿತಿ ಇದು. ಇದನ್ನು ಸರಿಪಡಿಸಲೇಬೇಕು.

ಇಷ್ಟು ಅಪರೂಪದ ಕಾಯಿಲೆಗೆ ಇಷ್ಟು ಹಣವೇಕೆ ಎಂದು ಕೇಳುವವರಿದ್ದಾರೆ. ಅವರಿಗೆ ಈ ಇತಿಹಾಸವೇ ಉತ್ತರ. ಜೀವಕೋಶ ತನ್ನ ಹಳತನ್ನು ಹೇಗೆ ಒಡೆದು ಹೊಸತಾಗಿಸಿಕೊಳ್ಳುತ್ತದೆ, ಆ ಕೆಲಸ ನಿಂತರೆ ಅಂಗಾಂಶ ಹೇಗೆ ಹಾಳಾಗುತ್ತದೆ ಎಂಬ, ಇಂದು ಇಡೀ ವೈದ್ಯಶಾಸ್ತ್ರ ಬಳಸುವ ತಿಳಿವಿನ ದೊಡ್ಡ ಪಾಲು ಈ ಬೆರಳೆಣಿಕೆಯ ಮಕ್ಕಳಿಂದ ಬಂದದ್ದು. ಅವರ ಅಂಗಾಂಶಗಳನ್ನು ವೈದ್ಯರು ಕಾಪಿಟ್ಟರು, ಎಷ್ಟೋ ತಾಯಂದಿರು ಮೊದಲ ಪ್ರಯೋಗಗಳಿಗೆ ತಮ್ಮ ಕೂಸುಗಳನ್ನು ಒಪ್ಪಿಸಿದರು. ಆ ಲಾಭವನ್ನು ನಾವೆಲ್ಲ ಪಡೆದಿದ್ದೇವೆ. ಅದಕ್ಕೆ ಪ್ರತಿಯಾಗಿ ನಾವು ಮಾಡಬೇಕಾದದ್ದು ಎರಡು ಕೆಲಸ: ಜಿಲ್ಲಾ ಆಸ್ಪತ್ರೆಯಲ್ಲಿ ಹುಟ್ಟುವ ಮಗುವಿಗೂ ಆ ಒಂದು ಹನಿ ರಕ್ತದ ಪರೀಕ್ಷೆ ಸಿಗುವಂತೆ ಮಾಡುವುದು, ಕಾಯಿಲೆ ಇದೆಯೆಂದು ಗೊತ್ತಾದ ಮಗುವಿನ ಕಿಣ್ವ ಹಣದ ಮಿತಿಗೆ ಸಿಕ್ಕಿ ನಿಲ್ಲದಂತೆ ನೋಡಿಕೊಳ್ಳುವುದು.